ಸಹಾಯ ಬೇಕು: ಹಳೇ ಬೊಲೆರೊ ಪಿಕಪ್ ಇಂಜಿನ್, ಕಡಿಮೆ ಖರ್ಚಲ್ಲಿ ರಿಪೇರಿ

ಎಲ್ಲರಿಗೂ ನಮಸ್ಕಾರ. ನನ್ನದು 2010ರ ಬೊಲೆರೊ ಪಿಕಪ್, 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಇಂಜಿನ್. ಕೋಲಾರ ಎಪಿಎಂಸಿಗೆ ಟೊಮೆಟೊ ಹೊತ್ತು ಹೊತ್ತು ಸವೆದಿದೆ, ಗಾಡಿಯ ತಪ್ಪೇನೂ ಇಲ್ಲ. ಈಗ ನೀಲಿ ಹೊಗೆ ಬರುತ್ತಿದೆ. ಆಯಿಲ್ ಕ್ಯಾಪ್ ತೆಗೆದರೆ ಬುಸ್ ಅಂತ ಗಾಳಿ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿಸಿದೆ, ಎರಡು ಸಿಲಿಂಡರ್‌ಗಳಲ್ಲಿ ಕಡಿಮೆ. ಒಳಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಏರಿತು. ಅಂದರೆ ವಾಲ್ವ್‌ಗಿಂತ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ), ಬೋರ್ (ಸಿಲಿಂಡರ್ ಒಳಗೋಡೆ) ಸವೆದಿರುವುದೇ ಜಾಸ್ತಿ, ಆ ಸಂದನ್ನು ಆಯಿಲ್ ಮುಚ್ಚಿದ್ದಕ್ಕೇ ಏರಿದ್ದು, ಅಲ್ವಾ?

ಬರೀ ರಿಂಗ್ ಬದಲಿಸಿದರೆ ಸಾಕು ಎನ್ನುತ್ತಾರೆ ನಮ್ಮೂರಿನ ಮೆಕ್ಯಾನಿಕ್. ಬೋರ್ ಸವೆದಿದ್ದರೆ ಹೊಸ ರಿಂಗ್ ಸರಿಯಾಗಿ ಕೂರುವುದಿಲ್ಲ, ಸುಮ್ನೆ ದುಡ್ಡು ದಂಡ ಅಂತ ನನ್ನ ಲೆಕ್ಕ. ಆದರೆ ಕೈಯಲ್ಲಿರುವುದು 40 ಸಾವಿರ ಅಷ್ಟೇ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಸವೆಯದೆ ಅಳತೆಯಲ್ಲೇ ಇದ್ದರೆ ಗ್ರೈಂಡಿಂಗ್ (ಉಜ್ಜಿ ಸಮ ಮಾಡಿಸುವುದು) ಬಿಟ್ಟು ಬರೀ ಬೇರಿಂಗ್ ಹಾಕಿಸಬಹುದಾ? ಡೀಸೆಲ್ ಪಂಪ್, ನಾಝಲ್ (ಡೀಸೆಲ್ ಸಿಂಪಡಿಸುವ ಭಾಗ) ಕೆಲಸ ಮುಂದಕ್ಕೆ ಹಾಕಿದರೆ ತೊಂದರೆ ಇದೆಯಾ? ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್, ಹೆಡ್ ನಡುವಿನ ಸೀಲ್) ಮಾತ್ರ ಒಳ್ಳೆಯದೇ ಹಾಕಿಸುತ್ತೇನೆ, ಅಲ್ಲಿ ಜಿಪುಣತನ ಬೇಡ.

ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತರುವ ಯೋಚನೆ. ಪಿಸ್ಟನ್, ಸ್ಲೀವ್ (ಸಿಲಿಂಡರ್ ಒಳಗೆ ಕೂರುವ ಕೊಳವೆ) ಸೆಟ್‌ಗೆ ಈಗ ಎಷ್ಟಾಗುತ್ತದೆ? ಕೋಲಾರ, ಚಿಂತಾಮಣಿ ಕಡೆ ಅಳತೆ ಕೆಲಸ ನೀಟಾಗಿ ಮಾಡುವ ಲೇತ್ ವರ್ಕ್‌ಶಾಪ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಇಂಜಿನ್ ಇನ್ನೂ ಬಿಚ್ಚಿಸಿಲ್ಲ.