ಪದಚರ್ಚೆ: ರಕ್ಕಸನಿಗೆ ಬೇರೆ ಬಣ್ಣ ಕೊಡುವ ಕೆಲಸಕ್ಕೆ ಕ್ರಿಯಾಪದ ಯಾವುದು?

ಎಲ್ಲರಿಗೂ ನಮಸ್ಕಾರ.

1993ರ ‘ಡೂಮ್’ ಎಂಬ ಕಂಪ್ಯೂಟರ್ ಆಟದ ರಕ್ಕಸರ ಚಿತ್ರಗಳಿಗೆ ಬೇರೆ ಬಣ್ಣ ಕೊಡುವ ಬಗೆಯನ್ನು ವಿವರಿಸುವ ಕಿರು ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಸ್ಪ್ರೈಟ್ (ಆಟದ ಪಾತ್ರದ ಚಿತ್ರ), ಪಿಕ್ಸೆಲ್ (ಚಿತ್ರದ ಚುಕ್ಕೆ) ಎಂಬ ಪದಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ, ಅವುಗಳ ಬಗ್ಗೆ ತಕರಾರಿಲ್ಲ. ತೊಡಕಿರುವುದು ಕ್ರಿಯಾಪದದಲ್ಲಿ.

‘ಬಣ್ಣ ಹಚ್ಚು’ ಎಂದೊಡನೆ ಓದುಗರ ಮನಸ್ಸು ನಟನೆಯ ಕಡೆಗೆ ಹೋಗುತ್ತದೆ. ‘ಬಣ್ಣ ಕಟ್ಟು’ ಎಂದರೆ ಇಲ್ಲದ್ದನ್ನು ಸೇರಿಸಿ ಹೇಳುವುದು. ‘ಬಣ್ಣ ಬದಲಾಯಿಸು’ ಗೋಸುಂಬೆಯ ಪಾಲಾಗಿದೆ. ‘ರಕ್ಕಸ ಬಣ್ಣ ಬದಲಾಯಿಸಿದ’ ಎಂದು ಬರೆದರೆ ಅವನು ಮಾತಿಗೆ ತಪ್ಪಿದ ಎಂದೇ ಅರ್ಥವಾದೀತು. ‘ಬಳಿ’ ಎಂಬುದಕ್ಕೆ ಈ ಕಾಟವಿಲ್ಲ, ಆದರೆ ಅದು ಕೆಲಸವನ್ನೇ ತಪ್ಪಾಗಿ ಹೇಳುತ್ತದೆ. ಬಳಿದರೆ ಮೇಲೊಂದು ಪದರ ಕೂರಬೇಕು. ಇಲ್ಲಿ ಪದರವೇ ಇಲ್ಲ.

ಆಟದಲ್ಲಿ 256 ಬಣ್ಣಗಳ ಪಟ್ಟಿಯೊಂದಿದೆ. ಚಿತ್ರದ ಪ್ರತಿ ಚುಕ್ಕೆಯಲ್ಲೂ ಇರುವುದು ಬಣ್ಣವಲ್ಲ, ಆ ಪಟ್ಟಿಯ ಒಂದು ಸಂಖ್ಯೆ. ಪಟ್ಟಿಯ ಕೆಂಪನ್ನೇ ತಿದ್ದಿದರೆ ರಕ್ಕಸನ ಜೊತೆಗೆ ರಕ್ತ, ಬೀಗದ ಕಾರ್ಡು, ಗೋಡೆ ಎಲ್ಲವೂ ಬೇರೆಯಾಗುತ್ತವೆ. ಹಾಗಾಗಿ ಪಟ್ಟಿಯನ್ನು ಮುಟ್ಟದೆ, ಬೇಕಾದ ರಕ್ಕಸನ ಸಂಖ್ಯೆಗಳನ್ನಷ್ಟೇ ಬೇರೆ ಸಂಖ್ಯೆಗಳಿಗೆ ಹೊಂದಿಸಬೇಕು.

ಗಾಳಿಯಲ್ಲಿ ತೇಲುವ ಒಕ್ಕಣ್ಣಿನ ಕ್ಯಾಕೋಡೀಮನ್ನನ್ನು ನೀಲಿಯಾಗಿಸಲು 176ರಿಂದ 191ರವರೆಗಿನ ಕೆಂಪುಗಳನ್ನು 192ರಿಂದ 207ರವರೆಗಿನ ನೀಲಿಗಳಿಗೆ ಹೊಂದಿಸಿದೆ. ಮೈಯೇನೋ ನೀಲಿಯಾಯಿತು. ಆದರೆ 16ರಿಂದ 47ರವರೆಗೆ ಕೆಂಪಿನ ಇನ್ನೊಂದು ಸಾಲಿರುವುದನ್ನು ಮರೆತಿದ್ದರಿಂದ ಅಲ್ಲಲ್ಲಿ ಕೆಂಪು ಕಲೆಗಳು ಉಳಿದುಕೊಂಡವು. ಅದರ ಬಾಯೊಳಗು ಮೊದಲೇ ನೀಲಿ. ತೆರೆದ ಬಾಯಿ ಮೈಯಲ್ಲೇ ಕರಗಿಹೋಯಿತು. ಇಷ್ಟಾದರೂ ತಿಳಿಗೆಂಪಿನ ಜಾಗಕ್ಕೆ ತಿಳಿನೀಲಿ, ಕಡುಗೆಂಪಿನ ಜಾಗಕ್ಕೆ ಕಡುನೀಲಿ ಬಂದು ಮೈಯ ಉಬ್ಬುತಗ್ಗು ಮಾತ್ರ ಹಾಗೆಯೇ ನಿಂತಿತ್ತು. ನನಗೆ ಬೇಕಾದ ಪದ ಇದನ್ನು ಹೇಳಬೇಕು: ಒಂದೊಂದು ಬಣ್ಣದ ಜಾಗಕ್ಕೂ ಇನ್ನೊಂದು ಬರುವುದು, ಸಾಲಿನ ಕ್ರಮ ಕೆಡದಿರುವುದು.

‘ಸ್ಥಾನಪಲ್ಲಟ’ದ ಜಾಡು ಹಿಡಿದು ‘ಬಣ್ಣಪಲ್ಲಟ’ ಎಂದು ಬರೆದುಕೊಂಡಿದ್ದೇನೆ. ‘ವರ್ಣಪಲ್ಲಟ’ ಬೇಡವೆಂದದ್ದು ವ್ಯಾಕರಣ ಓದಿದವರಿಗೆ ವರ್ಣವೆಂದರೆ ಅಕ್ಷರವಾದ್ದರಿಂದ. ಕ್ರಿಯಾಪದವಾಗಿ ‘ಬಣ್ಣ ಪಲ್ಲಟಿಸು’ ಎನ್ನಬಹುದು. ‘ಬಣ್ಣಪಲ್ಲಟ ಮಾಡು’ ಎಂಬುದಕ್ಕಿಂತ ಅದೇ ನನಗೆ ಹಿಡಿಸಿದೆ. ‘ಮಾರ್ಪಡಿಸು’ ತೀರಾ ಅಗಲವಾದ ಪದ, ರಕ್ಕಸನ ತಲೆಗೆ ಕೊಂಬು ಸೇರಿಸಿದರೂ ಅದು ಮಾರ್ಪಾಡೇ.

ಒಂದು ಅನುಮಾನ ಮಾತ್ರ ಬಿಡುತ್ತಿಲ್ಲ. ‘ಪಲ್ಲಟ’ ಎಂದಾಗ ಎರಡೂ ಕಡೆಯ ಅದಲುಬದಲು ನಿಮ್ಮ ಕಿವಿಗೆ ಕೇಳಿಸುತ್ತದೆಯೇ? ಇಲ್ಲಿ ಕೆಂಪಿನ ಜಾಗಕ್ಕೆ ನೀಲಿ ಬರುತ್ತದೆ, ನೀಲಿಯ ಜಾಗಕ್ಕೆ ಕೆಂಪು ಹೋಗುವುದಿಲ್ಲ.

ಇನ್ನೊಂದು ಪ್ರಶ್ನೆ, ಹೀಗೆ ಹುಟ್ಟಿದ ರಕ್ಕಸನ ಬಗ್ಗೆ. 1994ರ ‘ಡೂಮ್ 2’ರಲ್ಲಿ ಬರುವ ಹೆಲ್ ನೈಟ್ ಎಂಬ ರಕ್ಕಸನದು ಮೊದಲ ಆಟದ ರಕ್ಕಸ ಬ್ಯಾರನ್‌ನದೇ ರೂಪ, ಮೈಬಣ್ಣ ಬೇರೆ, ಪ್ರಾಣಬಲ 1000ದ ಬದಲು 500. ಇಂಥವನನ್ನು ‘ಬಣ್ಣದ ಅವಳಿ’ ಎನ್ನಬಹುದೇ, ಅಥವಾ ಬಲವೂ ಸಮನಾಗಿದ್ದರಷ್ಟೇ ಅವಳಿ ಎಂಬ ಮಾತು ಒಪ್ಪುತ್ತದೆಯೇ?