ಕಾಡುದಾರಿಗೆ ಸಲೀಸಾಗಿ ಉರುಳುವ ಟೈರ್ ಯಾವುದು? ಮಿನಿಯನ್ ಬಿಚ್ಚಿ ಏನು ಹಾಕಲಿ?

ಕೆಮ್ಮಣ್ಣು ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು 29 ಇಂಚಿನ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ ಮೌಂಟೇನ್ ಸೈಕಲ್), ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕರಿಗೆ ಇಳಿಜಾರಿನ ಹುಚ್ಚು ಜಾಸ್ತಿ ಇತ್ತು ಅಂತ ಕಾಣುತ್ತದೆ. ಮುಂದೆ ಮ್ಯಾಕ್ಸಿಸ್ ಕಂಪನಿಯ ಮಿನಿಯನ್ ಡಿಎಚ್‌ಎಫ್ ಟೈರು, ಅಗಲ 2.5 ಇಂಚು, ಹಿಂದೆ ಮಿನಿಯನ್ ಡಿಎಚ್‌ಆರ್ ಟೂ, ಅದರ ಅಗಲ 2.4. ಹಿಡಿತದ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ನಾನು ಓಡಿಸುವುದು ಯಲಹಂಕದಿಂದ ಅವಲಹಳ್ಳಿ ಕಾಡಿಗೆ, ರಜೆ ಸಿಕ್ಕರೆ ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಸುತ್ತಲಿನ ಮಣ್ಣು ದಾರಿಗೆ. ಕಾಡು ಸಿಗುವ ಮೊದಲೇ ಟಾರ್ ರೋಡಿನಲ್ಲಿ ಈ ಟೈರು ಹಳೇ ಜೀಪಿನ ಹಾಗೆ ಗುಂಯ್ ಅಂತ ಸದ್ದು ಮಾಡಿಕೊಂಡು ಅರ್ಧ ಜೀವ ತಿಂದು ಹಾಕುತ್ತದೆ. ಜೊತೆಗೆ ಬರುವವರು ಪೆಡಲ್ ನಿಲ್ಲಿಸಿ ಆರಾಮಾಗಿ ಉರುಳಿಕೊಂಡು ಹೋಗುತ್ತಿರುತ್ತಾರೆ, ನಾನು ತುಳಿಯುತ್ತಲೇ ಇರುತ್ತೇನೆ.

ಬೇಕಿರುವುದು ಇಷ್ಟೇ. ಸಲೀಸಾಗಿ ಉರುಳಬೇಕು, ಆದರೆ ಗಟ್ಟಿ ಕೆಮ್ಮಣ್ಣಿನ ಮೇಲೆ ಪುಡಿ ಗರಸು ಕೂತಿರುವ ತಿರುವುಗಳಲ್ಲಿ ಬೀಳಿಸಬಾರದು. ರಿಮ್ಮಿನ ಒಳ ಅಗಲ 30 ಮಿಮೀ. ಸದ್ಯಕ್ಕೆ ಟ್ಯೂಬ್ ಇದೆ, ಗಾಳಿ 35 ಪಿಎಸ್‌ಐ. ನನ್ನ ತೂಕ 72 ಕೆಜಿ. ಎಲ್ಲಾ ಸೇರಿ 8,000 ರೂಪಾಯಿ ಒಳಗೆ ಮುಗಿಯಬೇಕು. ಅಂಗಡಿಯಲ್ಲಿ ಕೇಳಿದರೆ "2.1 ಹಾಕಿಸಿ, 50 ಗಾಳಿ ಹೊಡೆಸಿ, ಹಾರಿಕೊಂಡು ಹೋಗುತ್ತದೆ" ಅಂದರು. ನಿಜಾನಾ?

ಇಳಿಜಾರು

50 ಗಾಳಿ ಟಾರ್ ರೋಡಿಗೆ ಸರಿ. ಮಣ್ಣಿನಲ್ಲಿ ಅದೇ ಗಾಳಿ ನಿಮ್ಮನ್ನು ನಿಧಾನ ಮಾಡುತ್ತದೆ. ನುಣ್ಣಗಿರುವ ರಸ್ತೆಯಲ್ಲಿ ಶಕ್ತಿ ಪೋಲಾಗುವುದು ರಬ್ಬರ್ ಮಡಚಿ ಬಿಚ್ಚಿಕೊಳ್ಳುವುದರಲ್ಲಿ, ಅದು ಬಿಸಿಯಾಗಿ ಹೋಗಿಬಿಡುತ್ತದೆ. ಕಲ್ಲು ಮಣ್ಣಿನಲ್ಲಿ ಲೆಕ್ಕವೇ ಬೇರೆ. ಟೈರ್ ಗಟ್ಟಿ ಇದ್ದರೆ ಪ್ರತಿ ಕಲ್ಲಿಗೂ ಬೈಕು ಮತ್ತು ನಿಮ್ಮ 72 ಕೆಜಿ ಎರಡೂ ಮೇಲಕ್ಕೆ ಎದ್ದು ಕೆಳಗೆ ಬೀಳಬೇಕು, ಆ ಏಳುವ ಖರ್ಚು ನಿಮ್ಮ ಕಾಲಿನದ್ದೇ ಅಲ್ವಾ? ಮೆತ್ತಗಿದ್ದರೆ ಕಲ್ಲು ಟೈರಿನೊಳಗೆ ಅಡಗುತ್ತದೆ, ಬೈಕು ಮುಂದಕ್ಕೆ ಹೋಗುತ್ತಿರುತ್ತದೆ.

ದುಡ್ಡು ಖರ್ಚು ಮಾಡುವ ಮೊದಲು ಒಂದು ಕೆಲಸ ಮಾಡಿ. ಯಾವುದಾದರೂ ಮಣ್ಣಿನ ಇಳಿಜಾರಿನಲ್ಲಿ ಒಂದು ಮರ ಗುರುತು ಇಟ್ಟುಕೊಂಡು ಅಲ್ಲಿಂದ ಪೆಡಲ್ ಮುಟ್ಟದೆ ಉರುಳಿ, ಎಲ್ಲಿ ನಿಲ್ಲುತ್ತದೆ ನೋಡಿ. ಆಮೇಲೆ 30ಕ್ಕೆ ಇಳಿಸಿ ಅದೇ ಜಾಗದಿಂದ ಮತ್ತೆ ಉರುಳಿ. ನೆಲ ಒರಟಿದ್ದಷ್ಟೂ ಕಡಿಮೆ ಗಾಳಿಯೇ ಮುಂದೆ ಹೋಗಿ ನಿಲ್ಲುತ್ತದೆ. ಟ್ಯೂಬ್ ಇರುವಾಗ 28ಕ್ಕಿಂತ ಕೆಳಗೆ ಹೋಗಬೇಡಿ, ಕಲ್ಲಿಗೂ ರಿಮ್ಮಿಗೂ ಮಧ್ಯೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತದೆ.

ಈಗ ಟೈರು. ಎರಡನ್ನೂ ಬದಲಿಸಬೇಡಿ. ಹಿಂದಿನದು ಮಾತ್ರ ಬದಲಿಸಿ. ನಿಮ್ಮ ಭಾರ ಜಾಸ್ತಿ ಕೂರುವುದು ಹಿಂದೆ, ಎಳೆತವೂ ಅಲ್ಲೇ ಜಾಸ್ತಿ. ಹಿಂದಿನ ಟೈರು ತಿರುವಿನಲ್ಲಿ ಜಾರಿದರೆ ಸ್ವಲ್ಪ ಬಾಲ ಅಲ್ಲಾಡಿಸುತ್ತದೆ, ಹಿಡಿದುಕೊಳ್ಳಬಹುದು. ಮುಂದಿನದು ಜಾರಿದರೆ ನೀವು ಆಗಲೇ ನೆಲದ ಮೇಲೆ.

ಹಿಂದಕ್ಕೆ ಮ್ಯಾಕ್ಸಿಸ್ ರೆಕಾನ್ ರೇಸ್ 2.4 ಅಥವಾ ವಿಟ್ಟೋರಿಯಾ ಮೆಜ್ಕಾಲ್ 2.35 ನೋಡಿ. ಇಷ್ಟು ಅಗಲ ಯಾಕೆ ಅಂದರೆ ನಿಮ್ಮ ರಿಮ್ಮು 30. ಅದರ ಮೇಲೆ 2.1 ಕೂರಿಸಿದರೆ ಟೈರು ಚಪ್ಪಟೆಯಾಗಿ, ಪಕ್ಕದ ಬಟನ್‌ಗಳೂ (ಟೈರಿನ ಮೇಲಿನ ರಬ್ಬರ್ ಉಬ್ಬುಗಳು) ನೆಲಕ್ಕೆ ಉಜ್ಜುತ್ತವೆ, ಸೈಡ್‌ವಾಲ್ ಅಂದರೆ ಟೈರಿನ ಪಕ್ಕದ ಗೋಡೆ ಹೊರಗೆ ಚಾಚಿಕೊಂಡು ಕಲ್ಲಿಗೆ ಸಿಗುತ್ತದೆ. ವೇಗಕ್ಕೆ ಅಂತ ಹಾಕಿಸಿದ್ದು ಎರಡೂ ಕಡೆಯಿಂದ ಕೈ ಕೊಡುತ್ತದೆ.

ನೆಗ್ಗಿಲು

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಆದರೆ ಹೆಸರು ನೋಡಿ ಟೈರ್ ಕೊಳ್ಳಬೇಡಿ ಅಂತ ಸೇರಿಸುತ್ತೇನೆ. ಒಂದೇ ಹೆಸರು, ಒಂದೇ ಬಟನ್ ವಿನ್ಯಾಸ, ಒಳಗೆ ಪೂರ್ತಿ ಬೇರೆ ಮಾಲು. ಕಾಂಟಿನೆಂಟಲ್ ರೇಸ್ ಕಿಂಗ್ ತುಂಬಾ ಫಾಸ್ಟ್ ಅಂತ ಎಲ್ಲರೂ ಹೇಳುತ್ತಾರೆ. ಅವರು ಹೇಳುತ್ತಿರುವುದು ಬ್ಲಾಕ್‌ಚಿಲಿ ರಬ್ಬರಿನ, ಮಡಚಲು ಬರುವ ಪ್ರೊಟೆಕ್ಷನ್ ಟೈರಿನ ಬಗ್ಗೆ. ಅರ್ಧ ಬೆಲೆಗೆ ಸಿಗುವ ತಂತಿ ಅಂಚಿನ ರೇಸ್ ಕಿಂಗ್ ನೋಡಲು ಅದೇ ಥರ ಇರುತ್ತದೆ, ಉರುಳುವುದು ಬೇರೆ ಥರ. ಶ್ವಾಲ್ಬೆ ಕಂಪನಿಯದಾದರೆ ಟೈರಿನ ಮೇಲಿನ ಬಣ್ಣದ ಗೆರೆ ನೋಡಿದರೆ ಸಾಕು, ಆಡಿಕ್ಸ್ ಅನ್ನುವ ಅವರ ರಬ್ಬರಿನಲ್ಲಿ ಯಾವ ಬಗೆ ಅಂತ ಗೊತ್ತಾಗುತ್ತದೆ. ಕೆಂಪು ಗೆರೆ ಅಂದರೆ ಆಡಿಕ್ಸ್ ಸ್ಪೀಡ್, ನೀಲಿ ಸ್ಪೀಡ್‌ಗ್ರಿಪ್, ಕಿತ್ತಳೆ ಸಾಫ್ಟ್, ನೇರಳೆ ಅಲ್ಟ್ರಾ ಸಾಫ್ಟ್. ಕೆಂಪಿನಿಂದ ನೇರಳೆ ಕಡೆಗೆ ಹೋದಷ್ಟೂ ಹಿಡಿತ ಜಾಸ್ತಿ, ಎಳೆತವೂ ಜಾಸ್ತಿ.

ನಿಮ್ಮ ಮಿನಿಯನ್ನಿನ ಸೈಡ್‌ವಾಲ್ ಮೇಲೆ ಏನು ಬರೆದಿದೆ ನೋಡಿ. ಮ್ಯಾಕ್ಸ್‌ಗ್ರಿಪ್ ಅಂತ ಇದ್ದರೆ ಅದು ಮ್ಯಾಕ್ಸಿಸ್‌ನವರ ಅತಿ ಮೆತ್ತನೆ ರಬ್ಬರ್. ಉಗುರಲ್ಲಿ ಒತ್ತಿದರೆ ಬಟನ್ ಬಾಗಿ, ನಿಧಾನಕ್ಕೆ ವಾಪಸ್ ಬರುತ್ತದೆ. ಆ ನಿಧಾನವೇ ನಿಮ್ಮ ಕಾಲು ಎಳೆಯುತ್ತಿರುವುದು. ಮ್ಯಾಕ್ಸ್‌ಟೆರಾ ಅಂತ ಇದ್ದರೆ ಅದಕ್ಕಿಂತ ಗಟ್ಟಿ, ಮುಂದಕ್ಕೆ ಪರವಾಗಿಲ್ಲ, ಹಾಗೇ ಇರಲಿ.

ಇನ್ನೊಂದು, ತೂಕದ ಹಿಂದೆ ಬೀಳಬೇಡಿ. 120 ಟಿಪಿಐ, ಅಂದರೆ ಇಂಚಿಗೆ 120 ಎಳೆಯ ತೆಳು ಕೇಸಿಂಗ್ (ರಬ್ಬರಿನೊಳಗಿನ ಬಟ್ಟೆ ಪದರ) ಚೆನ್ನಾಗಿ ಉರುಳುತ್ತದೆ, ಸುಳ್ಳಲ್ಲ. ಆದರೆ ನಾನು ಓಡಿಸುವುದು ಚಿತ್ರದುರ್ಗದ ಕಡೆ. ದಾರಿಯ ಎರಡೂ ಪಕ್ಕ ಬಳ್ಳಾರಿ ಜಾಲಿ, ಕೆಳಗೆ ನೆಗ್ಗಿಲು ಮುಳ್ಳು. ನೆಗ್ಗಿಲು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನೋಡುತ್ತಿರುತ್ತದೆ. ಟ್ಯೂಬ್ ಹಾಕಿಕೊಂಡು ಒಂದು ರೌಂಡ್ ಹೋಗಿ ಬಂದು, ಟೈರ್ ತಿರುಗಿಸಿ ಮುಳ್ಳು ಹೆಕ್ಕುತ್ತಾ ಕೂತರೆ ಯಾವುದು ಆರ್‌ಪಾರ್ ಹೋಗಿದೆ, ಯಾವುದು ಅಲ್ಲೇ ನಿಂತಿದೆ ಗೊತ್ತಾಗುವುದಿಲ್ಲ. ಎಲ್ಲಾ ಕಿತ್ತ ಮೇಲೆ ಗಾಳಿ ಪುಸ್. ನಿಮ್ಮ ದೊಡ್ಡಬಳ್ಳಾಪುರದ ಕಡೆಯೂ ಜಾಲಿ ಇದೆ. ಪಂಕ್ಚರ್ ಹಾಕುತ್ತಾ ಕೂತವನು ಗಂಟೆಗೆ ಸೊನ್ನೆ ಕಿಲೋಮೀಟರ್ ವೇಗದಲ್ಲಿ ಇರುತ್ತಾನೆ. ಮ್ಯಾಕ್ಸಿಸ್ ಆದರೆ ಎಕ್ಸೋ ಅಂತ ಬರೆದಿರುವುದನ್ನೇ ಕೇಳಿ, ಸೈಡ್‌ವಾಲಿಗೆ ಒಂದು ಪದರ ಜಾಸ್ತಿ ಇರುತ್ತದೆ.

ಮತ್ತೆ ಟ್ಯೂಬ್‌ಲೆಸ್ ಮಾಡಿಸಿ. ಇದನ್ನು ಮಾತ್ರ ಮುಂದಕ್ಕೆ ಹಾಕಬೇಡಿ.

ಕೆಮ್ಮಣ್ಣು ಸವಾರ

ಈಗ ತಾನೇ ಟಾರ್ಚ್ ಹಾಕಿ ನೋಡಿದೆ. ಮುಂದೆ ಮ್ಯಾಕ್ಸ್‌ಟೆರಾ, ಹಿಂದೆ ಮ್ಯಾಕ್ಸ್‌ಗ್ರಿಪ್. ಹಿಂದಕ್ಕೇ ಮೆತ್ತನೆ ರಬ್ಬರ್ ಯಾಕೆ ಹಾಕಿಸಿದರೋ ಆ ಪುಣ್ಯಾತ್ಮರು!

ಟ್ಯೂಬ್‌ಲೆಸ್ ಅಂದರೆ ಸ್ವಲ್ಪ ಭಯ. ಟೈರಿನೊಳಗೆ ತೂತು ಮುಚ್ಚಲು ಹಾಕುವ ದ್ರವ, ಆ ಸೀಲೆಂಟ್, ಬೇಸಿಗೆಯಲ್ಲಿ ಒಣಗಿ ಹೋಗುತ್ತದೆ ಅಂತ ಕೇಳಿದ್ದೇನೆ. ಅದರ ಬದಲು ಹಗುರವಾದ ಟಿಪಿಯು (ಒಂದು ಬಗೆ ತೆಳು ಪ್ಲಾಸ್ಟಿಕ್) ಟ್ಯೂಬ್ ಹಾಕಿದರೆ ಸಾಲದೇ? ಮತ್ತೆ ರೆಕಾನ್ ರೇಸ್, ಮೆಜ್ಕಾಲ್ ಎರಡರಲ್ಲಿ ಯಾವುದು?

ಕೊಪ್ಪದ ಮಳೆ

ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ, ಬೈಯಬೇಡಿ. ಇಲ್ಲಿ ಎಲ್ಲರೂ ಒಣ ನೆಲದ ಲೆಕ್ಕದಲ್ಲೇ ಹೇಳುತ್ತಿದ್ದೀರಿ. ನಮ್ಮ ಮಲೆನಾಡಿನಲ್ಲಿ ಜೂನ್ ಬಂತು ಅಂದರೆ ರೆಕಾನ್ ರೇಸ್ ಥರದ ಗಿಡ್ಡ ಬಟನ್ ಟೈರಿಗೆ ಎರಡು ತಿರುವಿನಲ್ಲಿ ಮಣ್ಣು ಮೆತ್ತಿಕೊಂಡು ನುಣ್ಣಗಾಗುತ್ತದೆ. ಪಾಚಿ ಹಿಡಿದ ಜಂಬಿಟ್ಟಿಗೆ ಕಲ್ಲು, ಒದ್ದೆ ಬೇರು, ಅಡಿಕೆ ತೋಟದ ಪಕ್ಕದ ಕೆಸರು. ಇಲ್ಲಿ ಟೈರು ಎಷ್ಟು ಸಲೀಸಾಗಿ ಉರುಳುತ್ತದೆ ಅನ್ನುವುದಕ್ಕಿಂತ ಪೆಡಲ್ ತುಳಿದಾಗ ಮಣ್ಣು ಕಚ್ಚುತ್ತದಾ ಅನ್ನುವುದೇ ಮುಖ್ಯ. ಹಿಂದಿನ ಚಕ್ರ ಜಾಗದಲ್ಲೇ ಸುತ್ತಿದರೆ ಎಂಥ ಫಾಸ್ಟ್ ಟೈರು ಇದ್ದು ಏನು ಬಂತು? ಬೆಂಗಳೂರಿನ ಒಣ ದಿನಗಳಿಗೆ ಗಿಡ್ಡ ಬಟನ್ ಸರಿ. ಅದನ್ನೇ ಹಾಕಿಕೊಂಡು ಜುಲೈನಲ್ಲಿ ಚಿಕ್ಕಮಗಳೂರಿಗೆ ಬರಬೇಡಿ, ಅಷ್ಟೇ.

ಬರುವ ಪ್ಲಾನ್ ಇದ್ದರೆ ರೇಸ್ ಅಲ್ಲದ ಮಾಮೂಲಿ ರೆಕಾನ್ ತೆಗೆದುಕೊಳ್ಳಿ. ಹೆಸರು ಹತ್ತಿರ ಹತ್ತಿರ, ಟೈರು ಬೇರೆ. ಮಾಮೂಲಿಯದಕ್ಕೆ ಬಟನ್ ಎತ್ತರ, ನಡುವೆ ಜಾಗ ಜಾಸ್ತಿ, ಉರುಳುವುದು ಮಿನಿಯನ್‌ಗಿಂತ ಎಷ್ಟೋ ಮೇಲು.

ಇಳಿಜಾರು

ಕೊಪ್ಪದವರ ಮಾತು ನ್ಯಾಯ. ಆದರೆ ಸವಾರರು ಹೇಳಿದ ಜಾಗಕ್ಕೆ ನನ್ನ ಆಯ್ಕೆ ಮೆಜ್ಕಾಲ್. ಅದರ ನಡುವಿನ ಬಟನ್‌ಗಳು ಒತ್ತೊತ್ತಾಗಿ ಕೂತು ಹೆಚ್ಚುಕಡಿಮೆ ಒಂದು ಪಟ್ಟಿಯೇ ಆಗಿಬಿಟ್ಟಿವೆ. ಹಾಗಾಗಿ ಟಾರ್ ಮೇಲೆ ಸದ್ದು ಕಡಿಮೆ, ಮಣ್ಣಿನಲ್ಲಿ ಪಕ್ಕದವು ಕೈ ಹಿಡಿಯುತ್ತವೆ. ರೆಕಾನ್ ರೇಸ್ ಬ್ರೇಕ್ ಹಿಡಿದಾಗ ಪುಡಿ ಗರಸಿನಲ್ಲಿ ಇನ್ನೂ ಸ್ವಲ್ಪ ಬೇಗ ಜಾರುತ್ತದೆ. ಕೊಳ್ಳುವಾಗ 29 ಇಂಚು ಅಂತ ಬಾಯಲ್ಲಿ ಹೇಳಿದ್ದನ್ನು ನಂಬದೆ ಟೈರ್ ಮೇಲೆ 622 ಅಂಕಿ ಇದೆಯಾ ನೋಡಿಕೊಳ್ಳಿ. 584 ಇದ್ದರೆ ಅದು 27.5ರದ್ದು.

ಟಿಪಿಯು ಟ್ಯೂಬ್ ಹಗುರ, ಉರುಳುವುದೂ ಮಾಮೂಲಿ ಬ್ಯುಟೈಲ್ ರಬ್ಬರ್ ಟ್ಯೂಬಿಗಿಂತ ಚೆನ್ನ. ಆದರೆ ಮುಳ್ಳಿಗೆ ಅದೂ ಟ್ಯೂಬೇ. ಮಡಚಿ ಬ್ಯಾಗಿನಲ್ಲಿ ಸ್ಪೇರ್ ಆಗಿ ಇಟ್ಟುಕೊಳ್ಳಿ, ಜೇಬಿನಷ್ಟು ಜಾಗ ಸಾಕು.

ನೆಗ್ಗಿಲು

ಸೀಲೆಂಟ್ ಒಣಗುವುದು ನಿಜ. ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಿಗೊಮ್ಮೆ ವಾಲ್ವ್ ಕೋರ್ ಬಿಚ್ಚಿ ಸ್ವಲ್ಪ ತುಂಬಿಸಬೇಕು. ಐದು ನಿಮಿಷದ ಕೆಲಸ. ಚಕ್ರ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗುಳುಗುಳು ಅಂದರೆ ಇದೆ, ಏನೂ ಕೇಳದಿದ್ದರೆ ಒಣಗಿದೆ ಅಂತ ಲೆಕ್ಕ. ಟೈರಿಗೆ ಮೊದಲ ಸಲ 100 ಎಂಎಲ್ ಹಾಕಿ, ಜಿಪುಣತನ ಬೇಡ. ಹಾಕಿಸುವ ಮೊದಲು ರಿಮ್ಮೂ ಟೈರೂ ಟ್ಯೂಬ್‌ಲೆಸ್ ರೆಡಿ ಅಂತ ಖಚಿತ ಮಾಡಿಕೊಳ್ಳಿ. ರಿಮ್ ಟೇಪ್ ಹೊಸದು ಹಾಕಿಸಿ, ಹಳೇ ಟೇಪಿನ ಅಂಚಿನಲ್ಲೇ ಗಾಳಿ ಸೋರುವುದು ಜಾಸ್ತಿ. ಟ್ಯೂಬ್ ಇಲ್ಲದ ಮೇಲೆ ನಿಮ್ಮ ತೂಕಕ್ಕೆ ಮುಂದೆ 21, ಹಿಂದೆ 24ರಿಂದ ಶುರು ಮಾಡಿ. ಹಾಸುಬಂಡೆ ಮೇಲೆ ರಿಮ್ ಟಕ್ ಅಂತ ತಾಗಿದರೆ ಎರಡು ಏರಿಸಿ. ಗಾಳಿ ಅಳೆಯಲು ಚಿಕ್ಕದೊಂದು ಗೇಜ್ ಇಟ್ಟುಕೊಳ್ಳಿ, ಪಂಪಿನ ಮುಳ್ಳು ಕೆಳಗಿನ ಅಂಕಿಗಳಲ್ಲಿ ನಂಬುವಂಥದ್ದಲ್ಲ.

ಒಂದೇ ಟೈರು, ಟೇಪು, ಎರಡು ವಾಲ್ವು, ಸೀಲೆಂಟು. ನಿಮ್ಮ 8,000ದೊಳಗೆ ಆಗುತ್ತದೆ, ಸ್ವಲ್ಪ ಉಳಿದರೂ ಉಳಿಯಬಹುದು.

ಕೆಮ್ಮಣ್ಣು ಸವಾರ

ಸರಿ ಹಾಗಾದರೆ. ಹಿಂದೆ ಮೆಜ್ಕಾಲ್ 2.35, ಮುಂದೆ ಡಿಎಚ್‌ಎಫ್ ಹಾಗೇ ಇರಲಿ, ಎರಡೂ ಟ್ಯೂಬ್‌ಲೆಸ್. ಅಲ್ಲಿವರೆಗೆ ನಾಳೆಯಿಂದಲೇ ಗಾಳಿ 30ಕ್ಕೆ ಇಳಿಸಿ ಇಳಿಜಾರಿನ ಪರೀಕ್ಷೆ ಮಾಡುತ್ತೇನೆ. ಎಲ್ಲರಿಗೂ ಥ್ಯಾಂಕ್ಸ್.

ಕೊಪ್ಪದ ಮಳೆ

ಆ ಮ್ಯಾಕ್ಸ್‌ಗ್ರಿಪ್ ಡಿಎಚ್‌ಆರ್ ಬಿಚ್ಚಿದ ಮೇಲೆ ಏನು ಮಾಡುತ್ತೀರಿ? ಬಟನ್ ಅರ್ಧಕ್ಕಿಂತ ಜಾಸ್ತಿ ಉಳಿದಿದ್ದರೆ ಮೆಸೇಜ್ ಮಾಡಿ, ರೇಟು ಮಾತಾಡೋಣ. ಕೊರಿಯರ್ ಖರ್ಚು ನನ್ನದು.