ದೊಡ್ಡಪ್ಪನವರ ಕರುಳಿನ ವರದಿ

ದೊಡ್ಡಪ್ಪ: ಮಲದಲ್ಲಿರುವ ಬ್ಯಾಕ್ಟೀರಿಯಾಗಳ ಡಿಎನ್‌ಎ ಓದಿ ರೋಗ ಪತ್ತೆಹಚ್ಚುವ ಬಗೆಗಿನ ಲೇಖನವನ್ನು ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಮೇಲೆ ಹಾಕಿದ್ದೇನೆ, ಎಲ್ಲರೂ ಓದಿ. ನಾನೂ ಪರೀಕ್ಷೆ ಮಾಡಿಸಿದೆ. ನನ್ನ ಕರುಳಿನಲ್ಲಿ ‘ಮಧುಮೇಹದ ಗುರುತು’ ಇದೆಯೆಂದು ವರದಿ ಬಂದಿದೆ.

ಸುಮಾ: ದೊಡ್ಡಪ್ಪ, ನಿಮಗೆ ಮಧುಮೇಹವಿರುವುದು ಹತ್ತು ವರ್ಷಗಳಿಂದ ಮನೆಮಂದಿಗೆಲ್ಲ ಗೊತ್ತು. ನೀವು ಅದಕ್ಕೆ ಎರಡು ಹೊತ್ತು ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತೀರೆಂಬುದನ್ನು ಲ್ಯಾಬಿನವರು ಕೇಳಿದರೇ?

ದೊಡ್ಡಪ್ಪ: ಕೇಳಲಿಲ್ಲ. ಕೇಳದೆಯೇ ಕಂಡುಹಿಡಿದರಲ್ಲ, ಅದೇ ಅದರ ಹೆಚ್ಚುಗಾರಿಕೆಯಲ್ಲವೇನಮ್ಮ?

ಸುಮಾ: ಎಡವಟ್ಟು ಇರುವುದೇ ಅಲ್ಲಿ. 2012ರಲ್ಲಿ ಚೀನಾದ 345 ಜನರ ಕರುಳಿನ ಬ್ಯಾಕ್ಟೀರಿಯಾಗಳ ಜೀನ್‌ಗಳನ್ನು ಓದಿದವರು, ಮಧುಮೇಹಿಗಳಲ್ಲಿ, ಕರುಳಿನ ಒಳಪದರಕ್ಕೆ ಆಹಾರವಾಗುವ ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುವ ಬ್ಯಾಕ್ಟೀರಿಯಾಗಳು ಕಡಿಮೆಯೆಂದು ಬರೆದರು. ಮರುವರ್ಷ ಸ್ವೀಡನ್ನಿನಿಂದ ಬಂದ ಅಧ್ಯಯನದ ಗುರುತುಗಳು ಇದರೊಂದಿಗೆ ಪೂರ್ತಿ ತಾಳೆಯಾಗಲಿಲ್ಲ. 2015ರಲ್ಲಿ ಡೆನ್ಮಾರ್ಕ್, ಸ್ವೀಡನ್, ಚೀನಾಗಳ 784 ಮಾದರಿಗಳನ್ನು ಒಟ್ಟಿಗಿಟ್ಟು, ಮೆಟ್‌ಫಾರ್ಮಿನ್ ನುಂಗುವವರನ್ನು ಬೇರ್ಪಡಿಸಿ ನೋಡಿದಾಗ, ರೋಗದ ಗುರುತೆಂದು ನಂಬಿದ್ದರಲ್ಲಿ ಕೆಲವು ಮಾತ್ರೆಯ ಗುರುತುಗಳೆಂದು ತಿಳಿಯಿತು. ಎಶ್ಚೆರಿಶಿಯಾ ಎಂಬ ಬ್ಯಾಕ್ಟೀರಿಯಾ ಹೆಚ್ಚುವುದು, ಇಂಟೆಸ್ಟಿನಿಬ್ಯಾಕ್ಟರ್ ಎಂಬುದು ತಗ್ಗುವುದು ಅಂಥವು. ಬ್ಯುಟಿರೇಟ್ ತಯಾರಿಸುವವು ಕಡಿಮೆ ಎಂಬುದು ಮಾತ್ರ, ಮಾತ್ರೆ ನುಂಗದ ಮಧುಮೇಹಿಗಳಲ್ಲಿಯೂ ಉಳಿಯಿತು.

ಚಿಕ್ಕಪ್ಪ: ಹಾಗಾದರೆ ಇಡೀ ವಿದ್ಯೆಯೇ ಬೂಟಾಟಿಕೆಯೆಂದು ಹೇಳಿಬಿಡು. ಅಣ್ಣ ದುಡ್ಡು ಕಳೆದುಕೊಂಡಂತಾಯಿತು.

ಸುಮಾ: ಹಾಗಲ್ಲ ಚಿಕ್ಕಪ್ಪ. ಆ್ಯಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಭೇದಿ ಹಿಡಿದವರ ಮಲದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ವಿಷದ ಜೀನನ್ನು, ಜೀನಿನ ತುಣುಕಿನ ನಕಲುಗಳನ್ನು ಹೆಚ್ಚಿಸಿ ಗುರುತಿಸುವ ಪಿಸಿಆರ್ ಪರೀಕ್ಷೆಯಿಂದ ಹುಡುಕುವುದು ಆಸ್ಪತ್ರೆಗಳಲ್ಲಿ ನಡೆದೇ ಇದೆ. ಅಲ್ಲಿಯೂ, ಜೀನ್ ಇದ್ದ ಮಾತ್ರಕ್ಕೆ ವಿಷ ತಯಾರಾಗುತ್ತಿದೆ ಎಂದಾಗುವುದಿಲ್ಲವಾದ್ದರಿಂದ, ರೋಗಿಯ ಲಕ್ಷಣವನ್ನು ನೋಡದೆ ವೈದ್ಯರು ತೀರ್ಮಾನಿಸುವುದಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್‌ಗೂ ಫ್ಯೂಸೊಬ್ಯಾಕ್ಟೀರಿಯಮ್ ಎಂಬ ಬ್ಯಾಕ್ಟೀರಿಯಾಗೂ ಇರುವ ನಂಟು ಹಲವು ದೇಶಗಳ ಮಾದರಿಗಳಲ್ಲಿ ಮರುಕಳಿಸಿದೆ. ಒಂದು ಪ್ರಶ್ನೆ ಹಿಡಿದು ಹುಡುಕುವುದು ಬೇರೆ, ಬಲೆ ಬೀಸಿ ಬಿದ್ದದ್ದಕ್ಕೆಲ್ಲ ರೋಗದ ಹೆಸರಿಡುವುದು ಬೇರೆ.

ದೊಡ್ಡಪ್ಪ: ವರದಿಯಲ್ಲಿ ಪ್ರೆವೊಟೆಲ್ಲಾ ಎಂಬ ಬ್ಯಾಕ್ಟೀರಿಯಾ ‘ಮಿತಿಮೀರಿದೆ’ ಎಂದು ಕೆಂಪು ಅಕ್ಷರದಲ್ಲಿದೆಯಲ್ಲ?

ಸುಮಾ: ಯಾರ ಮಿತಿ, ದೊಡ್ಡಪ್ಪ? ಧಾನ್ಯ, ಕಾಳು, ಸೊಪ್ಪು ತಿನ್ನುವ ನಮ್ಮ ದೇಶದವರ ಕರುಳಿನಲ್ಲಿ ಪ್ರೆವೊಟೆಲ್ಲಾ ಹೆಚ್ಚಾಗಿರುವುದು ಸಾಮಾನ್ಯ. ಹೋಲಿಕೆಗೆ ಇಟ್ಟುಕೊಂಡ ಮಾದರಿಗಳು ಯಾವ ಊಟದವರದೆಂದು ವರದಿಯಲ್ಲಿ ಎಲ್ಲಿಯಾದರೂ ಬರೆದಿದ್ದಾರೆಯೇ? ಅದೂ ಅವರು ಓದಿರುವುದು ಬ್ಯಾಕ್ಟೀರಿಯಾಗಳ ಗುರುತು ಹೇಳುವ 16ಎಸ್ ಎಂಬ ಜೀನಿನ ಒಂದು ತುಣುಕನ್ನು. ಅದು ಯಾವ ಕುಲದ ಬ್ಯಾಕ್ಟೀರಿಯಾ ಎಷ್ಟು ಪಾಲು ಎಂಬುದನ್ನು ಹೇಳೀತೇ ಹೊರತು, ಅವು ಒಳಗೆ ಏನು ಮಾಡುತ್ತಿವೆ ಎಂಬುದನ್ನಲ್ಲ.

ದೊಡ್ಡಮ್ಮ: ಸುಮಾ, ನಾಲ್ಕನೆಯ ಪುಟದಲ್ಲಿ ರಾಗಿ ಬಿಡಬೇಕೆಂದು ಬರೆದಿದೆಯಂತೆ. ನಿಮ್ಮ ದೊಡ್ಡಪ್ಪ ಮೊನ್ನೆಯಿಂದ ಮುದ್ದೆ ಮುಟ್ಟಿಲ್ಲ.

ದೊಡ್ಡಪ್ಪ: ಸೋಮವಾರ ಡಾಕ್ಟರಿಗೆ ವರದಿ ತೋರಿಸುತ್ತೇನೆ. ಅಲ್ಲಿಯವರೆಗೆ ಈ ಗುಂಪಿನಲ್ಲಿ ಮುದ್ದೆಯ ವಿಷಯ ಬೇಡ.